ಒಂದೇ ಹಾಲು ಕುಡಿದವರು

ಮಾಲಿ ವಿಲ್ಫ್ ಟ್ಯಾಡ್ಲೋ ಮತ್ತು ಬಂಗಲೆಯ ರೂಪರ್ಟ್ ಹುಟ್ಟಿದ್ದು ನಾರ್ಫಕ್‌ನ ಒಂದೇ ಹಳ್ಳಿಯಲ್ಲಿ, ಒಂದೇ ವಾರ. ಇಬ್ಬರಿಗೂ ಹಾಲೂಡಿಸಿದವಳು ವಿಲ್ಫನ ತಾಯಿ. "ಮೊದಲು ಧಣಿ ಮಗಂಗೆ, ಆಮೇಲೆ ಉಳಿದಿದ್ದು ನಿಂಗೆ ಕಣೋ," ಎಂದು ಅವಳು ಒಮ್ಮೆ ನಗುತ್ತಾ ಹೇಳಿದ್ದಳು. ಅಂದಿನಿಂದ ವಿಲ್ಫನ ಹೊಟ್ಟೆಯುರಿ ಆರಲೇ ಇಲ್ಲ. ರೂಪರ್ಟ್ ಕುದುರೆ ಹತ್ತಿದರೆ ಇವನು ಲದ್ದಿ ಬಾಚಿದ. ರೂಪರ್ಟ್ ಚುನಾವಣೆ ಗೆದ್ದು ಪಾರ್ಲಿಮೆಂಟಿನಲ್ಲಿ ಭಾಷಣ ಬಿಗಿದರೆ ಇವನು ಅವನ ಗುಲಾಬಿಗಳಿಗೆ ಗೊಬ್ಬರ ಹಾಕುತ್ತಾ ಹಲ್ಲು ಕಡಿದ.

1955ರ ಚಳಿಗಾಲದಲ್ಲಿ ದೊಡ್ಡ ಧಣಿ ತೀರಿಕೊಂಡರು. ಲಾರ್ಡ್ ಪದವಿ ಮಗ ರೂಪರ್ಟನಿಗೆ ಬಂತು. ಲಾರ್ಡ್ ಆದವರು ಜನ ಆರಿಸಿದವರ ಸಭೆಯಲ್ಲಿ ಕೂರುವಂತಿಲ್ಲ; ಜನ ಆರಿಸಿದ್ದ ಸೀಟು ಅವತ್ತೇ ಹೋಯಿತು. ಮೇ ತಿಂಗಳಲ್ಲಿ ಮತದಾನದ ದಿನ ರೂಪರ್ಟನೇ ಕಾರಿನಲ್ಲಿ ವಿಲ್ಫನನ್ನು ಮತಗಟ್ಟೆಯಾಗಿದ್ದ ಶಾಲೆಗೆ ಕರೆತಂದ. ಬಾಗಿಲ ಹತ್ತಿರ ನಿಂತುಬಿಟ್ಟ.

"ಒಳಗೆ ಬರಲ್ವಾ ಧಣಿ?"

"ಲಾರ್ಡ್‌ಗಳಿಗೆ ಓಟಿಲ್ಲ ಕಣಯ್ಯಾ. ಜೈಲಲ್ಲಿರೋರಿಗೂ ಇಲ್ಲ, ನಮಗೂ ಇಲ್ಲ."

ಹಾಗೆನ್ನುವಾಗ ರೂಪರ್ಟನ ಕಣ್ಣು ವಿಲ್ಫನ ಕೈಲಿದ್ದ ಮತದಾರರ ಚೀಟಿಯ ಮೇಲೇ ನೆಟ್ಟಿತ್ತು. ಆ ನೋಟದ ಗುರುತು ವಿಲ್ಫನಿಗೆ ಚೆನ್ನಾಗಿಯೇ ಇತ್ತು. ಐವತ್ತು ವರ್ಷ ಅವನು ಬಂಗಲೆಯನ್ನು ನೋಡಿದ್ದು ಹಾಗೆಯೇ.

ಒಳಗೆ ಮರೆಯಲ್ಲಿ ದಾರ ಕಟ್ಟಿದ ಪೆನ್ಸಿಲ್ ಇತ್ತು. ಗುರುತು ಹಾಕಲು ಒಂದು ಕ್ಷಣ ಸಾಕು. ವಿಲ್ಫ್ ಪೆನ್ಸಿಲಿನ ಮೊನೆ ಪರೀಕ್ಷಿಸಿದ. ಇದ್ದ ಮೂರು ಹೆಸರುಗಳನ್ನು ಮೂರು ಸಲ ಓದಿದ. ಹೊರಗೆ ರೂಪರ್ಟನ ಬೂಟುಗಳು ಅತ್ತಿಂದಿತ್ತ ಓಡಾಡಿದವು.

"ಆಯ್ತೇನಯ್ಯಾ?"

"ಇನ್ನೂ ಇಲ್ಲ ಧಣಿ," ಎಂದವನೇ ವಿಲ್ಫ್ ನಾಲ್ಕನೆಯ ಸಲ ಓದತೊಡಗಿದ.