ಕಣ್ಣು ಮುಚ್ಚಿ ಆಡಿದ ಮಾತು

ಹೊಳೆ ಊರೊಳಗೆ ಬಂದ ವರ್ಷ ಹಿಡಿದು ಮಕ್ಕಳ ವಯಸ್ಸು ಹೇಳುತ್ತಿದ್ದ ಕಾಲ ಅದು. "ಹಿಂದಿನ ಹೊಳಿ ಬಂದಾಗ ಇಕಿ ತೊಟ್ಟಲದಾಗ ಇದ್ಲು, ಈಗ ನೋಡ್ರಿ, ಏಳನೇತ್ತಾ ಓದಾಕತ್ತಾಳ" ಎಂದು ಅವ್ವ ನನ್ನನ್ನು ಮುಂದೆ ನಿಲ್ಲಿಸಿ ಹೇಳುತ್ತಿದ್ದಳು. ಹೊಳೆಮಣ್ಣೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ ಎಂಬ ಸುದ್ದಿ ಬಂದರೆ ಮೊದಲು ದನ, ಆಮೇಲೆ ಜೋಳದ ಚೀಲ, ಕೊನೆಗೆ ನಾವು. ಊರು ಖಾಲಿಯಾಗುವ ಸರದಿ ಎಲ್ಲರಿಗೂ ಬಾಯಿಪಾಠವಾಗಿತ್ತು.

ಆ ವರ್ಷ ನಮ್ಮನ್ನು ಹೊಳೆಆಲೂರಿನಲ್ಲಿ ಎತ್ತರದ ಮೇಲಿದ್ದ ಒಂದು ಶಾಲೆಯಲ್ಲಿ ಇಟ್ಟರು. ನನಗೂ ಅವ್ವನಿಗೂ ಸಿಕ್ಕಿದ್ದು ಒಂದು ಖೋಲಿಯ ಮೂಲೆ, ಕರಿಹಲಗೆಯ ಕೆಳಗೆ. ನೆನೆದ ಕೌದಿಯ ವಾಸನೆ, ಕಾಲಿಗೆ ಮೆತ್ತಿದ ಎರೆಮಣ್ಣಿನ ವಾಸನೆ, ಹೊರಗೆ ದೊಡ್ಡ ಪಾತೇಲಿಯಲ್ಲಿ ಕುದಿಯುವ ಸಾರಿನ ವಾಸನೆ, ಎಲ್ಲ ಕಲೆತು ಮೂಗಿಗೆ ಒಂದೇ ಆಗಿಬಿಟ್ಟಿದ್ದವು. ಎರಡೂ ಹೊತ್ತು ಅನ್ನ. ಮೊದಮೊದಲು ನಮಗೆ ಅದು ಹಬ್ಬದ ಊಟ. ಆಮೇಲೆ ಬಿಸಿ ರೊಟ್ಟಿಯ ಮಾತೆತ್ತಿದರೆ ದೊಡ್ಡವರ ಬಾಯಲ್ಲೂ ನೀರು. ನಾವು ಹುಡುಗಿಯರು ಮಾತ್ರ ವರಾಂಡದ ಮೇಲೆ ಸುಣ್ಣದ ಚೂರಿನಿಂದ ಮನೆ ಬರೆದು ಕುಂಟಲಿಪಿ ಆಡುತ್ತ ಸುಖವಾಗಿದ್ದೆವು.

ಅಪ್ಪ ಗೋವಾದಲ್ಲಿದ್ದ. ಕಟ್ಟಡದ ಕೆಲಸ. ಮೊದಲು ವಾರಕ್ಕೊಮ್ಮೆ ಫೋನ್ ಬರುತ್ತಿತ್ತು, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಅದೂ ಇಲ್ಲ. ಅವ್ವ ಮಾತ್ರ ಖೋಲಿಯಲ್ಲಿದ್ದ ಎಲ್ಲರಿಗೂ ಹೇಳುತ್ತಿದ್ದಳು, "ಟೀವ್ಯಾಗ ಹೊಳಿ ನೋಡಿರ್ತಾರ. ಇವತ್ತಿಲ್ಲಾ ನಾಳಿ ಗಾಡಿ ಹತ್ತತಾರ."

ಪಕ್ಕದ ಮೂಲೆಯ ಮುದುಕಿ ಎಲೆ ಅಡಿಕೆ ಜಗಿಯುತ್ತ ಒಂದು ದಿನ ಕೊಂಕು ತೆಗೆದಳು. "ನಿನ ಗಂಡ ಬರೂದ್ರಾಗ ಹೊಳೀನ ಇಳದು ಹೊಕ್ಕೇತಿ ಬಿಡ, ಸಾರವ್ವಾ."

"ಇಳೀಲಿ ಬಿಡ್ರಿ ಆಯಿ. ಮನ್ಯಾಗಿನ ರಾಡಿ ತಗ್ಯಾಕರ ಬರ್ತಾರ" ಎಂದಳು ಅವ್ವ. ಅವ್ವ ನಕ್ಕದ್ದನ್ನು ನಾನು ನೋಡಿದೆ. ನಂಬಿ ನಕ್ಕ ನಗೆ ಅದು.

ನಮ್ಮದು ಮುತ್ತ್ಯಾನ ಕಾಲದಿಂದ ಯೇಸುಸ್ವಾಮಿಯನ್ನು ನಂಬಿದ ಮನೆ. ಹೊಳೆಆಲೂರಿನ ರೈಲು ಸ್ಟೇಶನ್ನಿನ ಹಿಂದೆ ತಗಡಿನ ಖೋಲಿಯೊಂದರಲ್ಲಿ ಪ್ರತಿ ಶುಕ್ರವಾರ ಹೆಣ್ಣುಮಕ್ಕಳ ಪ್ರಾರ್ಥನೆ ನಡೆಯುತ್ತಿತ್ತು. ನಡೆಸುತ್ತಿದ್ದವರು ಎಸ್ತರಕ್ಕ, ಹೈಸ್ಕೂಲಿನ ಟೀಚರು. ಹೆಸರಿನ ಮುಂದೆ ಬಿ.ಎ. ಎಂದಿದ್ದ ಹೆಂಗಸನ್ನು ನಾನು ಮೊದಲು ನೋಡಿದ್ದು ಅವರನ್ನೇ. ಅವರ ಹಾಗೆ ಸೆರಗಿಗೆ ಪಿನ್ನು ಚುಚ್ಚಿಕೊಳ್ಳಬೇಕು, ಅವರ ಹಾಗೆ ಮಾತಾಡಬೇಕು ಎಂಬುದು ನನ್ನ ಆಸೆಯಾಗಿತ್ತು.

ಅಲ್ಲೊಂದು ರೂಢಿ. ಮೊದಲು ಒಬ್ಬೊಬ್ಬರೂ ತಮ್ಮ ಕಷ್ಟ ಹೇಳಬೇಕು. ಅದಕ್ಕೆ ಪ್ರಾರ್ಥನೆಯ ವಿಷಯ ಎನ್ನುತ್ತಿದ್ದರು. ಆಮೇಲೆ ಎಲ್ಲರೂ ಕಣ್ಣು ಮುಚ್ಚಿದಾಗ ಎಸ್ತರಕ್ಕ ಅವನ್ನೆಲ್ಲ ಗಟ್ಟಿಯಾಗಿ ದೇವರಿಗೆ ಒಪ್ಪಿಸುವರು. ಏನನ್ನೂ ಬಿಡುತ್ತಿರಲಿಲ್ಲ. "ಕರ್ತನೇ, ಶಾಂತವ್ವನ ಎಮ್ಮಿ ಮೊಲಿ ಬಾತೈತಿ" ಎಂದು ಒಮ್ಮೆ ಶುರು ಮಾಡಿ, ಎಲ್ಲಿ ದೇವರು ತಪ್ಪು ತಿಳಿದಾನೋ ಎಂಬಂತೆ "ಎಡಗಡೆ, ಹಿಂದಿಂದು" ಎಂದು ಸೇರಿಸಿದ್ದರು. ಹೆಂಗಸರು ಒಂದೊಂದು ಮಾತಿಗೂ "ಹೌದು ಕರ್ತನೇ" ಎನ್ನುತ್ತಿದ್ದರು. ಅಲ್ಲಿಂದ ಹೊರಬರುವಾಗ ಅವ್ವನ ಮುಖ ಹಗುರಾಗಿರುತ್ತಿತ್ತು. ಆ ಖೋಲಿ ಇಲ್ಲದಿದ್ದರೆ ಅಪ್ಪ ಇಲ್ಲದ ಆ ದಿನಗಳನ್ನು ಅವಳು ಹೇಗೆ ಕಳೆಯುತ್ತಿದ್ದಳೋ ನನಗೆ ಗೊತ್ತಿಲ್ಲ.

ನಾನು ದಿನವೂ ಗದಗಿನ ಕಡೆಯಿಂದ ಗಾಡಿ ಬರುವ ಹೊತ್ತಿಗೆ ಸ್ಟೇಶನ್ನಿಗೆ ಓಡುತ್ತಿದ್ದೆ. ಒಂದು ಭಾನುವಾರ ಸಂಜೆ ಗಾಡಿಯಿಂದ ಇಳಿದವನು ನಮ್ಮ ಓಣಿಯ ರಾಜೇಸಾಬ ಕಾಕಾ. ಅಪ್ಪನ ಜೊತೆಯಲ್ಲೇ ಗೋವಾದಲ್ಲಿ ಗೋಡೆಗಳಿಗೆ ಗಿಲಾವು ಮಾಡುತ್ತಿದ್ದವನು. ನನ್ನ ಹಿಂದೆ ಮುಂದೆ ನೋಡಿದ.

"ಅವ್ವ ಬಂದಾಳೇನು?"

"ಇಲ್ಲ ಕಾಕಾ. ಅಪ್ಪ ಯಾವ ಡಬ್ಬ್ಯಾಗ ಅದಾನ?"

ಅವನು ನನ್ನನ್ನು ಹೊರಗಿನ ತಿಂಡಿ ಗಾಡಾದ ಹತ್ತಿರ ಕರೆದುಕೊಂಡು ಹೋಗಿ ಮಿರ್ಚಿ ಭಜಿ ಕೊಡಿಸಿದ. ಹಾಳೆಯ ಮೇಲೆ ಎಣ್ಣೆ ಹರಡುವುದನ್ನೇ ನೋಡುತ್ತ ನಿಂತ.

"ನಿಮ್ಮಪ್ಪ ಬರೂದಿಲ್ಲವ್ವಾ. ಅಲ್ಲಿ ಇನ್ನೊಬ್ಬಾಕಿ ಕೂಡ ಸಂಸಾರ ಹೂಡ್ಯಾನ. ಕೂಸೂ ಆಗೈತಿ. ನಾ ಭಾಳ ಹೇಳಿ ನೋಡಿದೆ. ನಿಮ್ಮವ್ವಗ ಹೇಳಾಕ ನನಗ ಬಾಯಿ ಬರೂದಿಲ್ಲ. ನೀ ಶಾಣ್ಯಾಕಿ ಅದಿ, ಹೊತ್ತು ನೋಡಿ ಹೇಳು."

ದೊಡ್ಡ ಮನುಷ್ಯ ತನ್ನ ಹೊರೆಯನ್ನು ಒಂದು ಹುಡುಗಿಯ ತಲೆಯ ಮೇಲಿಟ್ಟು ತನ್ನ ಹೆಂಡತಿ ಮಕ್ಕಳನ್ನು ಹುಡುಕಿಕೊಂಡು ಹೋದ. ಮಿರ್ಚಿ ಬಾಯಿಗೆ ಹೋಗಲಿಲ್ಲ.

ಅವ್ವನಿಗೆ ಹೇಳಲು ಎಷ್ಟೋ ಸಲ ಬಾಯಿ ತೆರೆದೆ. ಅವಳು ಅಪ್ಪನ ಅಂಗಿಯೊಂದನ್ನು ಒಣಗಿಸಿ ಬೇರೆ ಗಂಟಿನಲ್ಲಿ ಇಟ್ಟುಕೊಂಡಿದ್ದಳು, ಬಂದ ಮೇಲೆ ಹಾಕಿಕೊಳ್ಳಲು ಬೇಕೆಂದು. ಅದನ್ನು ನೋಡಿ ಬಾಯಿ ಮುಚ್ಚಿದೆ. ಎದೆಯಲ್ಲಿ ಇಟ್ಟುಕೊಳ್ಳಲಾರದೆ ಕೊನೆಗೆ ಎಸ್ತರಕ್ಕನ ಮನೆಗೆ ಹೋದೆ. ಅವರು ಒಲೆಯ ಮುಂದಿದ್ದರು. ನಾನು ಅಳುತ್ತ ಹೇಳಿದೆ, ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದರು. ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಒರೆಸಿದರು.

"ಅವ್ವಗ ಹೇಳಬ್ಯಾಡ್ರಿ ಅಕ್ಕಾರ. ನಾನ ಹೇಳ್ತೇನಿ, ಇನ್ನೊಂದೀಟು ದಿನಾ ಬಿಟ್ಟು."

"ಹುಚ್ಚಿ, ನಾ ಯಾಕ ಹೇಳ್ಲಿ? ನನ್ನ ಹೊಟ್ಯಾಗ ಇರತೈತಿ. ಮೊದಲ ಉಣ್ಣು."

ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಎಣ್ಣೆ ಬಿಟ್ಟು ಕೊಟ್ಟರು. ಅಷ್ಟು ರುಚಿಯ ರೊಟ್ಟಿಯನ್ನು ನಾನು ಇಂದಿಗೂ ತಿಂದಿಲ್ಲ.

ಮರುದಿನವೇ ಶುಕ್ರವಾರ. ಅವ್ವ ಎಂದಿನಂತೆ ತನ್ನ ವಿಷಯ ಹೇಳಿದಳು, "ನಮ್ಮನಿಯವರು ಸುಖರೂಪ ಬರ್ಲಿ ಅಂತ." ಎಲ್ಲರೂ ತಲೆಯ ಮೇಲೆ ಸೆರಗು ಹೊದ್ದು ಕಣ್ಣು ಮುಚ್ಚಿದರು. ಎಸ್ತರಕ್ಕ ಒಬ್ಬೊಬ್ಬರನ್ನೂ ದೇವರಿಗೆ ಒಪ್ಪಿಸುತ್ತ ಬಂದರು. ಆಮೇಲೆ ನಮ್ಮ ಸರದಿ ಬಂತು.

"ಕರ್ತನೇ, ನಿನ್ನ ಮಗಳು ಸಾರವ್ವನ್ನ ನೋಡು. ಹೊಳಿ ಆಕಿ ಮನಿ ಹೊಕ್ಕೈತಿ."

"ಹೌದು ಕರ್ತನೇ" ಎಂದರು ಹೆಂಗಸರು. ಅವ್ವನೂ ಎಂದಳು.

"ಆಕಿ ಗಂಡ ದಾನಪ್ಪ ಗೋವಾದಾಗ ಇನ್ನೊಬ್ಬಾಕಿ ಕೂಡ ಸಂಸಾರ ಹೂಡ್ಯಾನ. ಕೂಸೂ ಆಗೈತಿ. ಅವನ ಮನಸ ತಿರುಗಿಸು ತಂದೇ."

"ಹೌದು ಕರ್ತನೇ." ರೂಢಿಯ ಬಾಯಿಗಳು ತಾವಾಗಿಯೇ ಅಂದುಬಿಟ್ಟವು. ಅವ್ವನ ಧ್ವನಿ ಮಾತ್ರ ಅದರಲ್ಲಿ ಇರಲಿಲ್ಲ.

"ಆಕಿ ಮಗಳು, ಸಣ್ಣ ಹುಡುಗಿ ರೂತಿ, ಇದನ್ನ ಒಬ್ಬಾಕಿನ ಹೊತ್ಕೊಂಡು ಅಡ್ಡ್ಯಾಡಾಕತ್ತಾಳ. ಆಕಿಗೂ ಬಲ ಕೊಡು."

ನಾನು ಕಣ್ಣು ತೆರೆದೆ. ಅವ್ವನ ಕಣ್ಣು ಮುಚ್ಚಿಯೇ ಇದ್ದವು. ಎಸ್ತರಕ್ಕನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಖರೇ ನೀರು. ಅವರು ಕೆಟ್ಟವರಾಗಿದ್ದರೆ ನನಗೆ ಇಷ್ಟು ವರ್ಷ ಸಿಟ್ಟು ಹೊರುವುದು ಸುಲಭವಾಗುತ್ತಿತ್ತು. ಎಲ್ಲರ ಆಮೆನ್ ಮುಗಿದ ಮೇಲೆ, ಬಹಳ ತಡವಾಗಿ, ಅವ್ವನ ಆಮೆನ್ ಒಂದೇ ಬಂತು.

ಹೊರಗೆ ಬಂದಾಗ ನಾನು ಎಸ್ತರಕ್ಕನ ಸೆರಗು ಹಿಡಿದೆಳೆದೆ. "ಹೇಳೂದಿಲ್ಲ ಅಂದಿದ್ರಿ."

"ದೇವರ ಮುಂದ ಮುಚ್ಚಿಟ್ಟು ಹ್ಯಾಂಗ ಬೇಡ್ಲಿ ತಂಗಿ?" ಎಂದರು ಅವರು. ತಾವು ಮಾತು ಮುರಿದಿದ್ದೇವೆ ಎಂಬುದು ಅವರ ತಲೆಗೆ ಹೋಗಿರಲೇ ಇಲ್ಲ.

ಶಾಲೆಯ ದಾರಿಯಲ್ಲಿ ಅವ್ವ ಸ್ವಲ್ಪ ಮುಂದೆ ನಡೆಯುತ್ತಿದ್ದಳು. ತಿರುಗದೆಯೇ ಕೇಳಿದಳು, "ಯಾರು ಹೇಳಿದ್ರು?"

"ರಾಜೇಸಾಬ ಕಾಕಾ."

"ಯಾವಾಗ?"

"ಐತಾರ."

"ಐತಾರದಿಂದ ನನ್ನ ಬಾಜೂಕ ಮಲಗಿ ಏಳಾಕತ್ತೀದಿ. ನಾ ಊರ ಮಂದಿಗೆಲ್ಲಾ ಬರ್ತಾರ, ಬರ್ತಾರ ಅನ್ನೂದು ಕೇಳಿದಿ. ಆಕೀಗೆ ಹೇಳಾಕ ಬಾಯಿ ಬಂತು ನಿನಗ."

ನನ್ನಲ್ಲಿ ಉತ್ತರವಿತ್ತು. ನಿನ್ನ ನಗೆ ಹೋಗಬಾರದು ಎಂದುಕೊಂಡಿದ್ದೆ ಅವ್ವಾ, ಎಂಬುದು. ಹನ್ನೆರಡರ ಹುಡುಗಿಗೆ ಅದನ್ನು ಆಡಲು ಬರಲಿಲ್ಲ. ಅವ್ವ ಕೇಳಲು ನಿಲ್ಲಲೂ ಇಲ್ಲ.

ಮುಂದಿನ ಶುಕ್ರವಾರ ಅವ್ವ ಹೋಗಲಾರಳು ಎಂದುಕೊಂಡಿದ್ದೆ. ಹೋದಳು. ಆ ಹೆಂಗಸರು ಅವಳ ತಲೆಯ ಮೇಲೆ ಕೈಯಿಟ್ಟು ಅತ್ತರು, ಹೊಳೆ ಇಳಿದ ಮೇಲೆ ನಮ್ಮ ಮನೆಗೆ ಬಂದು ಮೊಣಕಾಲುದ್ದದ ರಾಡಿ ತೆಗೆದರು, ಎಸ್ತರಕ್ಕ ಎಲ್ಲರಿಗಿಂತ ಮುಂದೆ. ಅಪ್ಪ ಕೊನೆಗೂ ಬರಲಿಲ್ಲ. ಅವ್ವ ಕುಸಿಯಲಿಲ್ಲ. ಅವಳನ್ನು ಎತ್ತಿ ಹಿಡಿದದ್ದು ಆ ಪ್ರಾರ್ಥನೆಯೇ, ಇಲ್ಲವೆಂದರೆ ಸುಳ್ಳಾಗುತ್ತದೆ. ನಾನು ಮಾತ್ರ ಆ ಖೋಲಿಯ ಹೊಸ್ತಿಲು ತುಳಿಯಲಿಲ್ಲ. ಹೊಳೆಯ ದಂಡೆಗೆ ಒಬ್ಬಳೇ ಹೋಗಿ ದೇವರ ಜೊತೆ ಜಗಳ ಆಡುತ್ತಿದ್ದೆ. "ನೀನರ ಯಾರ ಮುಂದೂ ಹೇಳಬ್ಯಾಡ" ಎನ್ನುತ್ತಿದ್ದೆ. ಅವನು ಹೇಳಲಿಲ್ಲ. ಸುತ್ತಲಿನವರೆಲ್ಲ ಮಾತು ತಪ್ಪಿದ ಆ ವರ್ಷ ನನ್ನ ಮಾತನ್ನು ಉಳಿಸಿಕೊಂಡವನು ಅವನೊಬ್ಬನೇ. ನನ್ನ ನಂಬಿಕೆ ನಿಂತಿರುವುದು ಅಷ್ಟರ ಮೇಲೆ.

ಓದಿದೆ. ರಜೆಯಲ್ಲಿ ಶೇಂಗಾ ಸುಲಿದು, ಬಸ್ಸಿನಲ್ಲಿ ನಿಂತೇ ರೋಣದ ಕಾಲೇಜಿಗೆ ಓಡಾಡಿ ಓದಿದೆ. ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಬಿ.ಎ. ಬರೆದುಕೊಂಡವಳು ನಾನೇ ಮೊದಲಿಗಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಈಗ ಗಜೇಂದ್ರಗಡದಲ್ಲಿ ಪಾಠ ಹೇಳುತ್ತೇನೆ. ಅವ್ವ ಊರಲ್ಲೇ ಇದ್ದಾಳೆ. ದಿನವೂ ಫೋನಿನಲ್ಲಿ ಮಾತಾಡುತ್ತೇವೆ, ಉಂಡಿಯಾ, ಮಳಿ ಬಂತಾ, ಜೋಳ ಹ್ಯಾಂಗದಾವು. ಹೊಳೆ ಬರುವ ಮೊದಲು ನಾವಿಬ್ಬರೂ ಒಂದೇ ಕೌದಿಯಲ್ಲಿ ಮಲಗಿ ಒಬ್ಬರಿಗೊಬ್ಬರು ಎಲ್ಲ ಹೇಳಿಕೊಳ್ಳುತ್ತಿದ್ದೆವು. ಆ ಮಾತು ಮತ್ತೆ ಬರಲಿಲ್ಲ.

ಈಚೆಗೆ ಒಂದು ಮಧ್ಯಾಹ್ನ ಶಿಕ್ಷಕರ ಖೋಲಿಯಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ. ಅವ್ವನ ಪ್ರಾರ್ಥನಾ ಸಭೆಯವರ ವಾಟ್ಸಾಪ್ ಗುಂಪಿಗೆ ಯಾರೋ ನನ್ನನ್ನೂ ಸೇರಿಸಿದ್ದರು. ಅದರಲ್ಲಿ ಒಂದು ಸಂದೇಶ ಬಂದಿತ್ತು. ಸಹೋದರಿ ಸಾರವ್ವನವರಿಗೆ ಗದಗಿನಲ್ಲಿ ಇವತ್ತು ಗರ್ಭಕೋಶದ ಆಪರೇಶನ್ ಇದೆ, ದಯವಿಟ್ಟು ಎಲ್ಲರೂ ಪ್ರಾರ್ಥಿಸಿರಿ. ಕೆಳಗೆ ಸಾಲಾಗಿ ಮುಗಿದ ಕೈಗಳ ಚಿತ್ರ.

ಫೋನ್ ಮಾಡಿದೆ. ಅವ್ವನೇ ಎತ್ತಿದಳು, ಇನ್ನೂ ಒಳಗೆ ಕರೆದುಕೊಂಡು ಹೋಗಿರಲಿಲ್ಲ.

"ನಿನಗ್ಯಾಕ ತ್ರಾಸ ಅಂತ ಹೇಳೂದು ಬಿಟ್ಟೆ" ಎಂದಳು. "ಎಸ್ತರಕ್ಕಾರು ಬಂದಾರ. ಮಂದಿ ಭಾಳ ಅದಾರ ಇಲ್ಲಿ. ನೀ ಉಣ್ಣು."

ರಜೆಯ ಚೀಟಿ ಬರೆದಿಟ್ಟು ಬಸ್ ಸ್ಟ್ಯಾಂಡಿಗೆ ಬಂದೆ. ಗದಗಿನ ಬಸ್ಸು ಹೊರಟ ಮೇಲೆ ಮತ್ತೆ ಆ ಸಂದೇಶ ತೆರೆದೆ. ಬೇರೆ ಏನು ಮಾಡಬೇಕೋ ತಿಳಿಯದೆ, ಎಲ್ಲರ ಕೆಳಗೆ ನಾನೂ ಒಂದು ಜೊತೆ ಮುಗಿದ ಕೈ ಹಾಕಿದೆ.