ಬುಟ್ಟಿಯಲ್ಲಿ ಒಂದೇ ಮೊಗೆಕಾಯಿ

ನನಗೆ ಗಾಳಿ ಸೋಕಿರಲಿಲ್ಲ, ತಲೆಯೂ ಕೆಟ್ಟಿರಲಿಲ್ಲ. ನಡೆಯುವುದು ನಿಂತಿತ್ತು, ಅಷ್ಟೇ. ಇಷ್ಟು ತಿಳಿಯಲು ಮನೆಯವರಿಗೂ ನನಗೂ ಒಂದು ವರ್ಷ ಹಿಡಿಯಿತು.

ನಾನು ಕಲಿತದ್ದು ಮೂರನೇ ಇಯತ್ತೆ. ಹುಟ್ಟಿದ್ದು ಬೇಲೆಕೇರಿಯ ಕಡೆ, ಮದುವೆಯಾಗಿ ಬಂದದ್ದು ಅಮದಳ್ಳಿಗೆ. ಬಂದ ಮರುವರ್ಷವೇ ನನ್ನ ಅತ್ತೆ ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬೆ ಇಟ್ಟು, ಅದರ ಮೇಲೆ ತರಕಾರಿ ಬುಟ್ಟಿ ಹೊರಿಸಿದರು. ಹರಿವೆ, ಬಸಳೆ, ಬದನೆ, ನಮ್ಮ ಕಡೆಯ ದಪ್ಪ ಸೌತೆ ಮೊಗೆಕಾಯಿ. ಬಿಣಗಾದ ಕಾರ್ಖಾನೆ ಕೆಲಸಗಾರರ ಮನೆಸಾಲಿಗೆ ಹೊತ್ತು ಮಾರುವುದು.

ನಾವು ನಾಲ್ಕು ಹೆಂಗಸರು ಹೋಗುತ್ತಿದ್ದೆವು. ಬೆಳಕು ಹರಿಯುವ ಮೊದಲೇ ನೀರಿನ ಅಂಚು ಹಿಡಿದು ಹೊರಡಬೇಕು, ಅಲ್ಲಿ ಮರಳು ಗಟ್ಟಿ, ಕಾಲು ಹೂಳುವುದಿಲ್ಲ. ಆಮೇಲೆ ಗೇರುಮರಗಳ ನಡುವೆ ಏರು. ಏರಿನ ತುದಿಯಲ್ಲಿ ಹೊರೆ ಇಳಿಸಲು ಎದೆಮಟ್ಟದ ಒಂದು ಕಲ್ಲು. ಅಲ್ಲಿಂದ ಸಮುದ್ರ ಪೂರ್ತಿ ಕಾಣುತ್ತಿತ್ತು. ನಾವು ಸಮುದ್ರ ನೋಡಲು ಕೂತವರಲ್ಲ, ಎಲೆಯಡಿಕೆ ಹಾಕಲು ಕೂತವರು. ಆದರೂ ಕಣ್ಣಿಗೆ ಬೀಳುತ್ತಿತ್ತಲ್ಲ. ಗಂಡಂದಿರನ್ನು ಬೈಯುವುದು, ಅತ್ತೆಯಂದಿರನ್ನು ಬೈಯುವುದು ಎಲ್ಲ ಏರುವಾಗ. ಇಳಿಯುವಾಗ ಬರೀ ನಗು. ನನ್ನ ಗಂಡ ತೀರಿದ ಹದಿನೈದನೇ ದಿನ ನಾನು ಬುಟ್ಟಿ ಹೊತ್ತು ಹೊರಟಿದ್ದೆ. ಏರಿನಲ್ಲಿ ಅಳು ಬಂತು. ಯಾರೂ ಸಮಾಧಾನ ಹೇಳಲಿಲ್ಲ, ಕಾಲೂ ನಿಲ್ಲಲಿಲ್ಲ. ಕಲ್ಲು ಬರುವಷ್ಟರಲ್ಲಿ ಅಳು ಮುಗಿದಿತ್ತು.

ಆ ದಾರಿಯಲ್ಲಿ ಅರ್ಧ ಈಗ ನೌಕಾನೆಲೆಯ ಗೋಡೆಯ ಒಳಗೆ ಹೋಗಿದೆ. ಕೊನೆಯ ವರ್ಷಗಳಲ್ಲಿ ನಾನು ಹೆದ್ದಾರಿಯ ಬದಿಯಲ್ಲಿ ನಡೆದೆ. ಅದೂ ನಿಂತದ್ದು ಮಗನಿಗೆ ಕಾರವಾರದಲ್ಲಿ ಸಂಬಳದ ಕೆಲಸ ಸಿಕ್ಕಾಗ. "ಇನ್ನು ಸಾಕು ಆಯಿ. ಜನ ನಂಗೆ ಎಂತ ಹೇಳೂದು?" ಎಂದ. ನಾನೂ ಸಾಕು ಎಂದೆ. ಸುಖ ಬಂತು ಅಂದುಕೊಂಡೆ.

ಸುಖ ಬರಲಿಲ್ಲ, ನಿದ್ದೆ ಹೋಯಿತು. ಊಟ ರುಚಿಸಲಿಲ್ಲ. ಜಗಲಿಯಲ್ಲಿ ಕೂತು ಹೋಗುವ ಬರುವವರ ಮೇಲೆಲ್ಲ ಸಿಟ್ಟು ಮಾಡುತ್ತಿದ್ದೆ. ಸತ್ತವರ ಜೊತೆ ಮನಸ್ಸಿನಲ್ಲೇ ಜಗಳ ತೆಗೆದು ಕೂರುತ್ತಿದ್ದೆ. ಮೊದಲು ಮೈಮೇಲೆ ದೇವರು ಬರುವವರ ಹತ್ತಿರ ಕರೆದೊಯ್ದರು, ಅವರು ದಾರ ಕಟ್ಟಿದರು. ಆಮೇಲೆ ಡಾಕ್ಟರು. ಅವರು ನಿದ್ದೆಮಾತ್ರೆ ಕೊಟ್ಟು, ದಿನಾ ಬೆಳಿಗ್ಗೆ ವಾಕಿಂಗ್ ಮಾಡಿ ಅಂದರು. ಸೊಸೆ ಬಿಳಿ ಬೂಟು ತಂದಳು.

ಸೀರೆಯ ಕೆಳಗೆ ಬೂಟು ಹಾಕಿ ಹೊರಟೆ. ನಮ್ಮ ಕಡೆ ಎದುರಿಗೆ ಬಂದವರನ್ನು ಎಲ್ಲಿಗೆ ಎಂದು ಕೇಳದೆ ಬಿಡುವ ಪದ್ಧತಿ ಇಲ್ಲ.

"ಎಲ್ಲಿಗೆ ಹೊಂಟ್ಯೆ?" ಎಂದಳು ಬಾವಿಕಟ್ಟೆಯ ಹತ್ತಿರದವಳು.

ಏನು ಹೇಳಲಿ? ಪೇಟೆಗಲ್ಲ, ಗದ್ದೆಗಲ್ಲ, ನೆಂಟರ ಮನೆಗೂ ಅಲ್ಲ. ಕೆಲಸವಿಲ್ಲದೆ ಕೈ ಬೀಸಿಕೊಂಡು ತಿರುಗುವ ಹೆಂಗಸಿಗೆ ಹೆಸರು ಬೇರೆ. ಅರ್ಧಕ್ಕೇ ತಿರುಗಿ ಬಂದೆ. ಬೂಟು ಮೂಲೆ ಸೇರಿತು.

ಮರುದಿನ ಅಟ್ಟದಿಂದ ಹಳೆಯ ಬುಟ್ಟಿ ಇಳಿಸಿದೆ. ಮಾಡಿನ ಜಂತೆಗೆ ಕಟ್ಟಿ ತೂಗುಹಾಕಿದ್ದ ಮೊಗೆಕಾಯಿಗಳಲ್ಲಿ ಒಂದನ್ನು ಬಿಚ್ಚಿ ಅದರಲ್ಲಿಟ್ಟೆ. ಮೇಲೆ ಒದ್ದೆ ಬಟ್ಟೆ ಮುಚ್ಚಿದೆ. ಬರಿಗಾಲು.

"ಎಲ್ಲಿಗೆ ಹೊಂಟ್ಯೆ?"

"ಮಾರೂಕೆ."

ಯಾರೂ ಮತ್ತೆ ಕೇಳಲಿಲ್ಲ. ಗಾಳಿಮರಗಳನ್ನು ದಾಟಿ, ನೀರಿನ ಅಂಚು ಹಿಡಿದು, ದಾರಿ ಮುಗಿಯುವ ತನಕ ಹೋಗಿ ವಾಪಸು ಬಂದೆ. ತಲೆಯ ಮೇಲೆ ಭಾರ ಬಿದ್ದದ್ದೇ ಕುತ್ತಿಗೆ ತಾನಾಗಿ ನೆಟ್ಟಗಾಯಿತು, ಕಾಲಿಗೆ ಲೆಕ್ಕ ಸಿಕ್ಕಿತು. ನಾಲ್ಕನೇ ದಿನ ಮಾತ್ರೆ ಮರೆತು ಮಲಗಿದ್ದೆ, ಬೆಳಿಗ್ಗೆ ಎದ್ದ ಮೇಲೆ ನೆನಪಾಯಿತು. ಅದೇ ಮೊಗೆಕಾಯಿಯನ್ನು ಎರಡು ವಾರ ಹೊತ್ತೆ. ಬರುವಾಗ "ಎಲ್ಲಾ ಖರ್ಚಾಯ್ತಾ?" ಎಂದು ಕೇಳಿದವರಿಗೆ "ಆಯ್ತು" ಎನ್ನುತ್ತಿದ್ದೆ.

ಸುದ್ದಿ ಮಗನ ಕಿವಿಗೆ ಬಿತ್ತು. ಸಂಜೆ ಬಂದವನೇ ಚಪ್ಪಲಿ ಬಿಡದೆ ಕೂಗಿದ. "ಮಗ ಅನ್ನ ಹಾಕೂದಿಲ್ವಾ ಅಂತ ಕೇಳ್ತ್ರು ನನ್ನ! ಮತ್ತೆ ಮಾರೂಕೆ ಹೋತ್ಯಾ ನೀನು?"

ಬುಟ್ಟಿಯ ಬಟ್ಟೆ ಎಳೆದ. ಒಂದು ಮೊಗೆಕಾಯಿ. ಸಿಪ್ಪೆ ಅಲ್ಲಲ್ಲಿ ತರಚಿತ್ತು.

"ಇದೆಂತಾ?"

"ಮೊಗೆಕಾಯಿ."

"ಇದೊಂದೇ?"

"ಒಂದೇ. ಎರಡು ವಾರ ಆಯ್ತು."

ಅವನ ಸಿಟ್ಟು ಇಳಿಯಿತು, ಅದರ ಜಾಗದಲ್ಲಿ ಹೆದರಿಕೆ ಬಂತು. ಮೆಲ್ಲಗೆ ಹೆಂಡತಿಗೆ ಹೇಳಿದ, "ಸೋಮವಾರ ದೊಡ್ಡ ಆಸ್ಪತ್ರೆಗೆ ಸೇರ್ಸೂದೇ. ಅಲ್ಲೇ ಇಟ್ಕೊಳ್ಲಿ ನಾಕು ದಿನ."

ಈಗ ಬಾಯಿ ಮುಚ್ಚಿದರೆ ನಾಳೆ ಇವರು ಹೇಳಿದ್ದೇ ಸತ್ಯವಾಗುತ್ತದೆ.

"ನಾ ಮಾರೂಕೆ ಹೋಗ್ಲಿಲ್ಲ. ನಡೂಕೆ ಹೋದೆ," ಎಂದೆ. "ಸುಮ್ನೆ ನಡೂಕೆ ನಾಚ್ಕೆ ಆಯ್ತು, ಅದಕ್ಕೆ ಬುಟ್ಟಿ. ಮಾತ್ರೆ ಲೆಕ್ಕ ಮಾಡಿ ನೋಡು, ಹತ್ತು ದಿನದಿಂದ ಒಂದೂ ತಕಳ್ಲಿಲ್ಲ."

ಸೊಸೆ ಹೋಗಿ ಮಾತ್ರೆಯ ಹಾಳೆ ತಂದಳು. ಎಣಿಸಿದಳು. ಆಮೇಲೆ ಮೊಗೆಕಾಯಿ ನೋಡಿದಳು, ನನ್ನ ನೋಡಿದಳು, ಸೆರಗು ಬಾಯಿಗೆ ಒತ್ತಿ ನಗತೊಡಗಿದಳು.

"ಅತ್ತೇ, ಪಾಪದ ಮೊಗೆಕಾಯಿ! ನಿಮ್ಮಷ್ಟೇ ಅದೂ ತಿರಗ್ತು."

ಮಗ ನಗಲಿಲ್ಲ. "ನಡೂಕೆ ಹೋಗು. ಆದ್ರೆ ಈ ಬುಟ್ಟಿ ಬೇಡ," ಎಂದ. "ಯಾರಾದ್ರೂ ಕೇಳಿದ್ರೆ ಇದ್ದದ್ದು ಹೇಳು."

"ನಿಂಗೆ ನಾಚ್ಕೆ ಆಗೂದಿಲ್ವಾ?"

ಅವನು ಈಗ ಬಗ್ಗಿ ಚಪ್ಪಲಿ ಬಿಟ್ಟ. "ಆತದೆ. ಆಗ್ಲಿ," ಎಂದ.

ಸೋಮವಾರದ ಮಾತು ಅಲ್ಲಿಗೇ ಬಿತ್ತು. ಸೊಸೆ ಆ ಮೊಗೆಕಾಯಿಯನ್ನು ಅವತ್ತೇ ಕೊಯ್ದು, ಒಣಗಿಸಿದ ಸೆಟ್ಲಿ ಸಿಗಡಿ ಹಾಕಿ ಪದಾರ್ಥ ಮಾಡಿದಳು. ಚೆನ್ನಾಗಿರಲಿಲ್ಲ, ಬಲಿತು ನಾರಾಗಿತ್ತು.

ಮರುದಿನ ಬೆಳಿಗ್ಗೆ ಎದ್ದು ಬುಟ್ಟಿಯನ್ನು ಅಟ್ಟಕ್ಕೇರಿಸಿದೆ. ಸಿಂಬೆಯನ್ನು ಮಾತ್ರ ತಲೆಯ ಮೇಲೆ ಇಟ್ಟುಕೊಂಡು ಹೊರಟೆ, ಅದಿಲ್ಲದೆ ನನ್ನ ಕುತ್ತಿಗೆಗೆ ನಡೆಯಲು ಬರುವುದಿಲ್ಲ. ಬಾವಿಕಟ್ಟೆಯವಳು ಕೊಡ ಕೆಳಗಿಟ್ಟು ಕೇಳಿದಳು, "ಖಾಲಿ ಸಿಂಬೆ ಇಟ್ಕಂಡು ಎಲ್ಲಿಗೆ ಹೊಂಟ್ಯೆ ಮಾರಾಯ್ತಿ?"

"ಎಲ್ಲಿಗೂ ಇಲ್ಲಾ," ಎಂದೆ. ನೀರಿನ ಅಂಚಿನ ತನಕ ತಿರುಗಿ ನೋಡದೆ ನಡೆದೆ.