ಟೇಪಕ್ಕ ಬದಲಿಸಿದ ಬಲಗೈ ಗವಸು

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಗಾಜಿನ ಪೆಟ್ಟಿಗೆಗೆ ಜೋಡಿಸಿರುವ ರಬ್ಬರ್ ಗವಸುಗಳೊಳಗೆ ಟೇಪಕ್ಕ ಮೊಳಕೈವರೆಗೆ ಕೈ ತೂರಿಸಿದ್ದಾರೆ. ಪೆಟ್ಟಿಗೆಯೊಳಗೆ ಗಾಳಿ ಸುಳಿಯಬಾರದು; ಸುಳಿದರೆ ಅಲ್ಲಿರುವ ಕಪ್ಪು ಹರಳು ಕೆಡುತ್ತದೆ. ಉಗುರಿನಗಲದ ಅದೊಂದೇ ಉಳಿದಿರುವುದು. ಕುಲುಮೆಯಲ್ಲಿ ಅದನ್ನು ಬೆಳೆಸಿದ ಅವರ ಅಕ್ಕ ತೀರಿಕೊಂಡು ಹನ್ನೊಂದು ತಿಂಗಳಾಯಿತು. ಆ ಹದ ಇನ್ನೂ ಯಾರ ಕೈಗೂ ಹತ್ತಿಲ್ಲ.

ಇಪ್ಪತ್ತೆರಡು ವರ್ಷಗಳಿಂದ ಅಂಟುಟೇಪಿನಿಂದ ಹರಳಿನ ಪದರ ಬಿಡಿಸಿ ಬಿಡಿಸಿಯೇ ಇವರು ಎಲ್ಲರಿಗೂ ಟೇಪಕ್ಕ ಆದದ್ದು. ಪೆನ್ಸಿಲ್ ಕಡ್ಡಿಯ ಜಾತಿಯ ಇಂಗಾಲದಿಂದ ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆ ತೆಗೆದು, ಅಕ್ಕನ ಹರಳಿನ ಪದರದ ಮೇಲೆ ಕೂರಿಸುತ್ತಾರೆ. ದಿನಕ್ಕೆ ನಾನೂರು ಚೂರು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಳಕೆಗೆ ಬರುವುದು ಎರಡೋ ಮೂರೋ.

"ಈ ಹರಳಲ್ಲಿ ಕರೆಂಟು ಹರಿಯಲ್ಲ. ಬಸ್ಸಲ್ಲಿ ಇಬ್ಬರ ಸೀಟಿಗೆ ಒಬ್ಬೊಬ್ಬರೇ ಕೂತು, ಪಕ್ಕಕ್ಕೆ ಯಾರನ್ನೂ ಬಿಟ್ಕೊಳ್ಳದೆ ಮುಖ ಗಂಟಿಕ್ಕೊಂಡಿರ್ತಾರಲ್ಲ, ಒಳಗಿನ ಎಲೆಕ್ಟ್ರಾನುಗಳು ಹಾಗೆ. ಆದ್ರೆ ಇಂಗಾಲದ ಹಾಳೆ ಮೇಲೆ ಕೂತಿತೋ, ಅದರ ಎಲೆಕ್ಟ್ರಾನು ಕೆಲವು ಇದಕ್ಕೆ ದಾಟ್ತವೆ. ಯಾರೂ ಕೊಡು ಅನ್ನಲ್ಲ. ಮಗ್ಗುಲಲ್ಲಿ ಇದ್ರೆ ಸಾಕು," ಎಂದು ಕೆಲಸ ನೋಡಲು ಬಂದಿರುವ ನನಗೆ ಟೇಪಕ್ಕ ವಿವರಿಸುತ್ತಾರೆ.

ಆ ದಾಟುವಿಕೆಯನ್ನು ಅಳೆಯಲು ಹಾಳೆ-ಪದರದ ಇನ್ನೊಂದು ಒಳ್ಳೆಯ ಜೋಡಿ ಬೇಕು. ಆದರೆ ವಾರದಿಂದ ಪೆಟ್ಟಿಗೆಯ ಆಮ್ಲಜನಕದ ಅಂಕಿ ಏರುತ್ತಿದೆ. ಬಲಗೈ ಗವಸಿನಲ್ಲಿ ಸೂಜಿಮೊನೆಯಷ್ಟು ತೂತು. ಅಕ್ಕ ಬಳಸುತ್ತಿದ್ದ ಗವಸು ಅದು. ಅವರ ದೊಡ್ಡ ಕೈಗೆ ಹಿಗ್ಗಿ ಬೆರಳುಗಳೆಲ್ಲ ಸಡಿಲ. ಬದಲಿಸಲು ಮನಸ್ಸು ಬಾರದೆ ಟೇಪಕ್ಕ ತೂತಿನ ಮೇಲೆ ತಮ್ಮ ಟೇಪನ್ನೇ ಅಂಟಿಸಿದ್ದರು. ಇಂದು ನೋಡಿದರೆ ಹರಳಿನ ಒಂದು ಅಂಚು ಮಂಕಾಗಿದೆ.

"ಏನ್ ಟೇಪಕ್ಕ, ಎಲ್ಲಕ್ಕೂ ಟೇಪೇ ಮದ್ದಾ?" ಎಂದು ಅಲ್ಲೇ ಸಂಶೋಧನೆ ಮಾಡುವ ಹುಡುಗಿ ಛೇಡಿಸುತ್ತಾಳೆ. ಗವಸು ಯಾರದೆಂದು ನೆನಪಾಗಿ ನಾಲಿಗೆ ಕಚ್ಚಿಕೊಳ್ಳುತ್ತಾಳೆ.

"ತಪ್ಪು ನನ್ನದೇ ಕಣಮ್ಮ. ಅಕ್ಕನ ಗವಸು ಉಳಿಸ್ಕೊಳ್ಳೋಕೆ ಹೋಗಿ ಅಕ್ಕನ ಕೆಲಸ ಕೆಡಿಸ್ತಿದ್ದೆ. ಹೊಸದು ತಗೊಂಡು ಬಾ."

ಗವಸು ಬದಲಾಗಿ ಅಂಕಿ ಇಳಿಯುವಷ್ಟರಲ್ಲಿ ಹತ್ತು ಗಂಟೆ. ಕೆಡದೆ ಉಳಿದ ಭಾಗಕ್ಕೆ ಟೇಪು ಒತ್ತಿ, ಉಸಿರು ಬಿಗಿಹಿಡಿದು ಮೆಲ್ಲಗೆ ಎಬ್ಬಿಸುತ್ತಾರೆ. ಒಳ್ಳೆಯ ಪದರ ಒಂದು ಸಿಗುತ್ತದೆ. ಒಂದೇ. ಸಂಜೆಯೊಳಗೆ ಇಂಗಾಲದ ಹಾಳೆ ಅದರ ಮೇಲೆ ಕೂರುತ್ತದೆ.

ಹಳೆಯ ಗವಸು ಮೇಜಿನ ಮೇಲಿದೆ, ಹೆಬ್ಬೆರಳು ಇನ್ನೂ ಉಬ್ಬಿಕೊಂಡೇ ಇದೆ. ಹೊಸದು ಹೇಗಿದೆ ಎಂದು ಕೇಳುತ್ತೇನೆ.

"ಸರಿಯಾಗಿದೆ. ತುದಿವರೆಗೂ ನನ್ನ ಬೆರಳೇ ಇದೆ," ಎನ್ನುತ್ತಾರೆ ಟೇಪಕ್ಕ. "ಹಳೇದರಲ್ಲಿ ಇನ್ನೊಬ್ಬರಿಗೂ ಜಾಗ ಇತ್ತು."